ಕುಟುಂಬದ ವಾಟ್ಸಾಪ್ ಗುಂಪಿಗೆ ಬಂದ ಸುದ್ದಿಯನ್ನು ಪರಿಶೀಲಿಸುವ ಬಗೆ

2018ರ ಜುಲೈ 13ರಂದು ಹೈದರಾಬಾದಿನಿಂದ ಬೀದರ್ ಜಿಲ್ಲೆಯ ಸ್ನೇಹಿತನ ಊರಿಗೆ ಬಂದಿದ್ದ ಕೆಲವು ಯುವಕರು ದಾರಿಯಲ್ಲಿ ಶಾಲಾ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಅವರು ಮಕ್ಕಳ ಕಳ್ಳರಿರಬಹುದೆಂಬ ಸಂಶಯ ಹುಟ್ಟಿತು, ಅವರನ್ನು ತೋರಿಸುವ ವಿಡಿಯೊ ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡಿತು, ಅವರ ಕಾರು ಮುರ್ಕಿ ಗ್ರಾಮವನ್ನು ತಲುಪುವ ಹೊತ್ತಿಗೆ ಜನರು ರಸ್ತೆಗೆ ಅಡ್ಡ ನಿಂತಿದ್ದರು. ಅಂದು ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಗುಂಪಿನ ಹೊಡೆತಕ್ಕೆ ಪ್ರಾಣ ಕಳೆದುಕೊಂಡರು. ಜೊತೆಗಿದ್ದವರೂ ಬಿಡಿಸಲು ಹೋದ ಪೊಲೀಸರೂ ಗಾಯಗೊಂಡರು. ಅದೇ ವರ್ಷದ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಕೆಲಸ ಹುಡುಕಿಕೊಂಡು ಬಂದಿದ್ದ ರಾಜಸ್ಥಾನದ ಯುವಕನೊಬ್ಬ ಇದೇ ವದಂತಿಗೆ ಬಲಿಯಾಗಿದ್ದ. ಇಂಥ ಸಂದೇಶಗಳನ್ನು ಮುಂದಕ್ಕೆ ಕಳುಹಿಸಿದವರಲ್ಲಿ ಹೆಚ್ಚಿನವರು ತಮ್ಮ ಮಕ್ಕಳ ಬಗ್ಗೆ ಆತಂಕಗೊಂಡಿದ್ದ ತಂದೆತಾಯಂದಿರೇ ಇರಬೇಕೆಂದು ನಾನು ನಂಬುತ್ತೇನೆ. ಆದ್ದರಿಂದಲೇ ಈ ಬರಹವು ಕೇಡಿಗರನ್ನು ಬಿಟ್ಟು, ಒಳ್ಳೆಯ ಉದ್ದೇಶದಿಂದ ಫಾರ್ವರ್ಡ್ ಗುಂಡಿಯನ್ನು ಒತ್ತುವ ನಮ್ಮಂಥವರನ್ನು ಕುರಿತದ್ದು.

ಸಂದೇಶ ಬಂದೊಡನೆ ಮೊದಲು ನೋಡಬೇಕಾದದ್ದು ಅದರ ಮೇಲಿರುವ ಬಾಣದ ಗುರುತು. ಒಂದು ಬಾಣವಿದ್ದರೆ ಅದು ಕಳುಹಿಸಿದವರ ಸ್ವಂತ ಬರಹವಲ್ಲ; ಎರಡು ಬಾಣಗಳಿದ್ದರೆ ಅದು ಐದು ಅಥವಾ ಅದಕ್ಕಿಂತ ಹೆಚ್ಚು ಕೈ ದಾಟಿ ಬಂದಿದೆ. ಬೀದರ್ ಘಟನೆ ನಡೆದು ಒಂದು ವಾರದೊಳಗೆ ವಾಟ್ಸಾಪ್ ಭಾರತದಲ್ಲಿ ಒಮ್ಮೆಗೆ ಐದು ಚಾಟ್‌ಗಳಿಗಷ್ಟೇ ಫಾರ್ವರ್ಡ್ ಮಾಡಬಹುದೆಂಬ ಮಿತಿಯನ್ನು ಪ್ರಕಟಿಸಿತು. 2020ರ ಏಪ್ರಿಲ್‌ನಲ್ಲಿ, ಕೊರೊನಾ ಕಾಲದ ವದಂತಿಗಳ ನಡುವೆ, ಎರಡು ಬಾಣದ ಸಂದೇಶವನ್ನು ಒಮ್ಮೆಗೆ ಒಂದೇ ಚಾಟ್‌ಗೆ ಕಳುಹಿಸುವಂತೆ ಮಾಡಿತು. ಆದರೆ ಯಾರಾದರೂ ಬರಹವನ್ನು ನಕಲು ಮಾಡಿ ಅಂಟಿಸಿದರೆ ಬಾಣ ಕಾಣುವುದಿಲ್ಲ, ಅದು ನಮ್ಮ ಮಾವನವರೇ ಬರೆದ ಮಾತಿನಂತೆ ತೋರುತ್ತದೆ. ಹಾಗಾಗಿ ಬಾಣವಿಲ್ಲದಿರುವುದನ್ನು ಭರವಸೆಯೆಂದು ಎಣಿಸಬಾರದು.

ಅನಂತರ ಸಂದೇಶದಿಂದ ಉದ್ಗಾರಗಳನ್ನೂ ಕೈಮುಗಿದ ಚಿಹ್ನೆಗಳನ್ನೂ ತೆಗೆದು, ಅದು ನಿಜವಾಗಿ ಏನನ್ನು ಹೇಳುತ್ತಿದೆಯೆಂದು ಒಂದೇ ವಾಕ್ಯದಲ್ಲಿ ಮನಸ್ಸಿನಲ್ಲೇ ಹೇಳಿಕೊಳ್ಳಿ: ಯಾವ ಊರಿನಲ್ಲಿ, ಯಾವ ದಿನ, ಯಾರಿಗೆ ಏನಾಯಿತು? ‘ನಮ್ಮ ಜಿಲ್ಲೆಗೆ ನಾನೂರು ಜನ ಕಳ್ಳರು ಬಂದಿದ್ದಾರೆ, ಪೊಲೀಸ್ ಇಲಾಖೆಯ ಸೂಚನೆ, ಎಲ್ಲರಿಗೂ ತಿಳಿಸಿ’ ಎಂಬ ಬಗೆಯ ಸಂದೇಶದಲ್ಲಿ ಠಾಣೆಯ ಹೆಸರಿಲ್ಲ, ದಿನಾಂಕವಿಲ್ಲ, ಅಧಿಕಾರಿಯ ಸಹಿಯಿಲ್ಲ. ‘ನಾಳೆಯಿಂದ’, ‘ನಿನ್ನೆ ರಾತ್ರಿ’ ಎಂಬ ಮಾತುಗಳು ಯಾವ ವರ್ಷಕ್ಕಾದರೂ ಹೊಂದುತ್ತವೆ. ಆ ವಾಕ್ಯದ ಮುಖ್ಯ ಪದಗಳನ್ನು ಕನ್ನಡದಲ್ಲೊಮ್ಮೆ, ಇಂಗ್ಲಿಷ್ ಅಥವಾ ಹಿಂದಿಯಲ್ಲೊಮ್ಮೆ ಹುಡುಕಿ. ಮಕ್ಕಳ ಕಳ್ಳರ ಸಂದೇಶಗಳು ಊರಿನ ಹೆಸರನ್ನಷ್ಟೇ ಬದಲಿಸಿಕೊಂಡು ತೆಲುಗು, ತಮಿಳು, ಹಿಂದಿಗಳಲ್ಲೂ ಓಡಾಡಿದ್ದವು; ಅದೇ ಮಾತು ಬೇರೆ ರಾಜ್ಯದ ಹೆಸರಿನಲ್ಲಿ ಸಿಕ್ಕಿದರೆ ಇನ್ನು ಹುಡುಕುವ ಅಗತ್ಯವಿಲ್ಲ.

ಚಿತ್ರ ಮತ್ತು ವಿಡಿಯೊಗಳಿಗೆ ಹೆಚ್ಚು ತಾಳ್ಮೆ ಬೇಕು, ಏಕೆಂದರೆ ಕಣ್ಣಾರೆ ಕಂಡದ್ದನ್ನು ಸುಳ್ಳೆಂದು ಒಪ್ಪಲು ಮನಸ್ಸು ಬಗ್ಗುವುದಿಲ್ಲ. ಬೈಕಿನಲ್ಲಿ ಬಂದ ಇಬ್ಬರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುವ ವಿಡಿಯೊವನ್ನು 2018ರಲ್ಲಿ ಅನೇಕರು ನೋಡಿರಬಹುದು. ಅದು ಪಾಕಿಸ್ತಾನದ ಕರಾಚಿಯಲ್ಲಿ, ಮಕ್ಕಳ ಸುರಕ್ಷತೆಯ ಕುರಿತು ಜಾಗೃತಿ ಮೂಡಿಸಲು ತಯಾರಿಸಿದ ಜಾಹೀರಾತು. ಮೂಲದಲ್ಲಿ ಆ ಇಬ್ಬರು ಮಗುವನ್ನು ಮರಳಿ ತಂದು ಬಿಟ್ಟು, ಎಚ್ಚರಿಕೆಯ ಫಲಕವೊಂದನ್ನು ಹಿಡಿದು ತೋರಿಸುತ್ತಾರೆ; ಆ ಕೊನೆಯ ಭಾಗವನ್ನು ಕತ್ತರಿಸಿದ ಮೇಲೆ ಉಳಿದದ್ದು ಅಪಹರಣ ಮಾತ್ರ. ಇಂಥ ವಿಡಿಯೊ ಬಂದಾಗ ಅಂಗಡಿಯ ಫಲಕ, ವಾಹನದ ಸಂಖ್ಯೆ ಅಥವಾ ಮುಖಗಳು ಸ್ಪಷ್ಟವಾಗಿ ಕಾಣುವ ಕಡೆ ನಿಲ್ಲಿಸಿ, ಪರದೆಯ ಚಿತ್ರ ತೆಗೆದುಕೊಂಡು, ಚಿತ್ರದ ಮೂಲಕವೇ ಹುಡುಕುವ ಸಾಧನವಾದ ಗೂಗಲ್ ಲೆನ್ಸ್‌ಗೆ ಕೊಡಿ. ಅದೇ ದೃಶ್ಯ ಹಿಂದೆ ಎಲ್ಲೆಲ್ಲಿ ಪ್ರಕಟವಾಗಿದೆಯೆಂಬುದು ಅನೇಕ ಸಲ ಒಂದೆರಡು ನಿಮಿಷದಲ್ಲೇ ತಿಳಿಯುತ್ತದೆ. ಒಂದು ಚಿತ್ರಕ್ಕೆ ಫಲ ಸಿಗದಿದ್ದರೆ ಬೇರೆ ಎರಡು ಮೂರು ಚೌಕಟ್ಟುಗಳಿಂದ ಪ್ರಯತ್ನಿಸಿ.

ಯಂತ್ರಕ್ಕಿಂತ ಮೊದಲೇ ನಮ್ಮ ಕಣ್ಣು ಕಿವಿಗಳು ಹೇಳಬಲ್ಲ ಸಂಗತಿಗಳೂ ಇವೆ. ಬೀದರಿನದೆಂದು ಹೇಳುವ ದೃಶ್ಯದಲ್ಲಿ ನಿಂತ ವಾಹನಗಳಲ್ಲಿ ಒಂದಕ್ಕಾದರೂ ಕೆಎ 38 ಎಂಬ ಸಂಖ್ಯೆಯಿದೆಯೇ? ಹಿಂದಿನ ಅಂಗಡಿಯ ಬರಹ ಕನ್ನಡವೋ ತೆಲುಗೋ? ಮಸುಕಾದ ವಿಡಿಯೊದಲ್ಲಿ ಎರಡೂ ಲಿಪಿಗಳು ಒಂದೇ ರೀತಿ ಕಾಣುತ್ತವೆ, ಆದರೆ ತಲೆಕಟ್ಟನ್ನು ಗಮನಿಸಿದರೆ ವ್ಯತ್ಯಾಸ ಹೊಳೆಯುತ್ತದೆ. ಮಂಡ್ಯದ ಘಟನೆಯೆಂದು ಹೇಳುವಲ್ಲಿ ಜನರ ಮಾತು ಕಲಬುರಗಿಯ ಕಡೆಯದಾಗಿದ್ದರೆ, ಅಥವಾ ತುಟಿಯ ಚಲನೆಗೂ ಧ್ವನಿಗೂ ಹೊಂದಾಣಿಕೆಯೇ ಇಲ್ಲದಿದ್ದರೆ, ಅಲ್ಲಿಗೆ ನಿಲ್ಲಿಸಬೇಕು. ಊರೂರಿನ ಮಾತಿನ ಧಾಟಿಯನ್ನು ಗುರುತಿಸುವ ನಮ್ಮ ಹಿರಿಯರು ಈ ಕೆಲಸದಲ್ಲಿ ಮಕ್ಕಳಿಗಿಂತ ಎಷ್ಟೋ ಪಾಲು ಚುರುಕಾಗಿರುವುದನ್ನು ನಾನು ಕಂಡಿದ್ದೇನೆ. ಅವರನ್ನು ಪರಿಶೀಲನೆಗೆ ಜೊತೆ ಮಾಡಿಕೊಳ್ಳಿ.

ನಿಜವಾದ ಅಪಾಯವೇ ಇರಬಹುದೆಂದು ಅನಿಸಿದರೆ 112ಕ್ಕೆ ಅಥವಾ ಹತ್ತಿರದ ಠಾಣೆಗೆ ಕರೆ ಮಾಡಿ ಕೇಳಿ. ಗುಂಪಿಗೆ ‘ಇದು ನಿಜವೇ?’ ಎಂದು ಬರೆದು ಸಂದೇಶವನ್ನು ಹಾಕಬೇಡಿ. ನಿಮ್ಮ ಪ್ರಶ್ನೆ ಒಂದು ಸಂದೇಶ, ವಿಡಿಯೊ ಇನ್ನೊಂದು. ಮುಂದಿನವರು ವಿಡಿಯೊವನ್ನಷ್ಟೇ ಕಳುಹಿಸುತ್ತಾರೆ, ಪ್ರಶ್ನೆ ಹಿಂದೆಯೇ ಉಳಿಯುತ್ತದೆ. 2012ರ ಆಗಸ್ಟ್‌ನಲ್ಲಿ ಈಶಾನ್ಯ ರಾಜ್ಯಗಳ ಸಾವಿರಾರು ಜನರು ಎಸ್‌ಎಂಎಸ್ ಮತ್ತು ಸಾಮಾಜಿಕ ಜಾಲತಾಣಗಳ ಬೆದರಿಕೆಯ ಸಂದೇಶಗಳಿಗೆ ಹೆದರಿ ಬೆಂಗಳೂರನ್ನು ಬಿಟ್ಟು ಗುವಾಹಟಿಯ ರೈಲು ಹತ್ತಿದಾಗ, ಸರ್ಕಾರವು ದಿನಕ್ಕೆ ಐದಕ್ಕಿಂತ ಹೆಚ್ಚು ಎಸ್‌ಎಂಎಸ್ ಕಳುಹಿಸದಂತೆ ಕೆಲ ದಿನ ನಿರ್ಬಂಧ ಹೇರಬೇಕಾಯಿತು. ಸ್ನೇಹಿತರನ್ನು ಎಚ್ಚರಿಸಬೇಕೆಂಬ ಕಾಳಜಿಯೂ ಭಯವನ್ನು ಹೇಗೆ ಹೊತ್ತೊಯ್ಯಬಲ್ಲದೆಂಬುದನ್ನು ಆ ದಿನಗಳನ್ನು ಕಂಡವರು ಮರೆಯಲಾರರು.

ಸುಳ್ಳೆಂದು ತಿಳಿದ ಮೇಲೆ ಬರುವುದು ಅತ್ಯಂತ ಕಷ್ಟದ ಹೆಜ್ಜೆ: ಕಳುಹಿಸಿದ ಹಿರಿಯರಿಗೆ ಅದನ್ನು ಹೇಳುವುದು. ನಮ್ಮ ಸೋದರತ್ತೆ ಒಮ್ಮೆ ಇಂಥದ್ದೊಂದು ವಿಡಿಯೊ ಹಾಕಿದಾಗ ನಾನು ನಲವತ್ತು ಜನರೆದುರು ಅದನ್ನು ಸುಳ್ಳೆಂದು ಸಾಬೀತುಪಡಿಸಿದೆ. ಅವರು ತಿಂಗಳುಗಟ್ಟಲೆ ನಮ್ಮ ಗುಂಪಿನಲ್ಲಿ ಮಾತಾಡಲಿಲ್ಲ, ಆದರೆ ಬೇರೆ ಗುಂಪುಗಳಿಗೆ ಕಳುಹಿಸುವುದನ್ನು ನಿಲ್ಲಿಸಲೂ ಇಲ್ಲ. ಅಂದಿನಿಂದ ನಾನು ಮೊದಲು ಫೋನ್ ಮಾಡುತ್ತೇನೆ. ಮಕ್ಕಳ ಬಗ್ಗೆ ಅವರಿಗಿರುವ ಕಳಕಳಿ ಸರಿಯಾದದ್ದೆಂದು ಒಪ್ಪಿ, ಅನಂತರ ವಿಡಿಯೊದ ಮೂಲವನ್ನು ತೋರಿಸಿ, ‘ನೀವೇ ಅಳಿಸಿಬಿಡಿ ಅತ್ತೆ’ ಎಂದು ಕೇಳುತ್ತೇನೆ. ಎಲ್ಲರ ಫೋನಿನಿಂದಲೂ ಅಳಿಸುವ ಅವಕಾಶ ಸುಮಾರು ಎರಡು ದಿನಗಳವರೆಗೆ ಇರುತ್ತದೆ. ಗುಂಪಿನ ಅಡ್ಮಿನ್ ಕೂಡ ಅಳಿಸಬಹುದು. ಗುಂಪಿಗೆ ತಿದ್ದುಪಡಿ ಹಾಕುವಾಗ ಯಾರ ಹೆಸರನ್ನೂ ಎತ್ತದೆ, ಸುಳ್ಳು ಚಿತ್ರವನ್ನು ಮತ್ತೆ ಹಾಕದೆ, ನಿಜ ಸಂಗತಿಯನ್ನೇ ಮೊದಲ ಸಾಲಿನಲ್ಲಿ ಬರೆಯುವುದು ಒಳ್ಳೆಯದು. ಅಮೆರಿಕದಲ್ಲೋ ಕೊಲ್ಲಿ ರಾಷ್ಟ್ರಗಳಲ್ಲೋ ಇರುವ ಮಕ್ಕಳು ಇಂಗ್ಲಿಷ್ ಲೇಖನದ ಕೊಂಡಿಯನ್ನು ಕಳುಹಿಸಿ ಸುಮ್ಮನಾಗುತ್ತಾರೆ. ಕನ್ನಡದಲ್ಲಿ ನಾಲ್ಕು ವಾಕ್ಯ ಬರೆದರೆ, ಇಲ್ಲವೇ ತಮ್ಮ ಧ್ವನಿಯಲ್ಲೇ ಹೇಳಿ ಕಳುಹಿಸಿದರೆ, ಮನೆಯವರು ಅದನ್ನು ಕೇಳುತ್ತಾರೆ.

ಸೆಟ್ಟಿಂಗ್‌ಗಳಲ್ಲಿ ಮಾಧ್ಯಮ ತಾನಾಗಿ ಡೌನ್‌ಲೋಡ್ ಆಗುವುದನ್ನು ನಿಲ್ಲಿಸಿ, ನಿಮ್ಮನ್ನು ಗುಂಪಿಗೆ ಯಾರು ಸೇರಿಸಬಹುದೆಂಬುದನ್ನು ಪರಿಚಿತರಿಗೆ ಸೀಮಿತಗೊಳಿಸಿ. ಊರಿನಲ್ಲಿ ಉದ್ವೇಗವಿರುವ ದಿನಗಳಲ್ಲಿ ಅಡ್ಮಿನ್ ಆದವರು, ತಾವು ಮಾತ್ರ ಸಂದೇಶ ಹಾಕುವಂತೆ ಗುಂಪನ್ನು ತಾತ್ಕಾಲಿಕವಾಗಿ ಬದಲಿಸಬಹುದು.

ನೀವೇ ತಪ್ಪು ಸಂದೇಶವನ್ನು ಕಳುಹಿಸಿದ್ದೀರೆಂದು ತಿಳಿದರೆ, ಅಳಿಸಿದ್ದಷ್ಟೇ ಸಾಲದು, ಏಕೆಂದರೆ ಅಷ್ಟರಲ್ಲಿ ಅದನ್ನು ಮುಂದಕ್ಕೆ ಕಳುಹಿಸಿದವರ ಪ್ರತಿಗಳು ಹಾಗೆಯೇ ಉಳಿದಿರುತ್ತವೆ. ಯಾವ ಯಾವ ಚಾಟ್‌ಗಳಿಗೆ ಕಳುಹಿಸಿದ್ದಿರೋ ಅವೆಲ್ಲಕ್ಕೂ ಹೋಗಿ ಹೀಗೆ ಬರೆಯಿರಿ: ‘ಇಂದು ಬೆಳಿಗ್ಗೆ ನಾನು ಕಳುಹಿಸಿದ ಮಕ್ಕಳ ಅಪಹರಣದ ವಿಡಿಯೊ ನಮ್ಮ ಊರಿನದಲ್ಲ, ಅದು ಕರಾಚಿಯ ಒಂದು ಜಾಹೀರಾತಿನ ತುಣುಕು. ನೋಡದೆ ಕಳುಹಿಸಿದ್ದು ನನ್ನ ತಪ್ಪು. ನೀವು ಯಾರಿಗಾದರೂ ಕಳುಹಿಸಿದ್ದರೆ ದಯವಿಟ್ಟು ಅವರಿಗೂ ತಿಳಿಸಿ.’