ಸೋಪು ಬ್ರಷ್ಷಿನ ಚೀಲದಲ್ಲಿ ನೀರು ನಿಲ್ಲಬಾರದು

ತುಮಕೂರಿನಿಂದ ಬೆಂಗಳೂರಿನ ಪಿಜಿಗೆ ಹೋಗುವ ಹುಡುಗಿಯರ ಬ್ಯಾಗು ನೋಡಿದರೆ ನನಗೆ ಸಿಟ್ಟೇ ಬರುತ್ತದೆ. ಸೋಪು, ಬ್ರಷ್ಷು, ಶಾಂಪೂ ಎಲ್ಲವನ್ನೂ ಒಂದು ರೆಕ್ಸಿನ್ ಪೌಚಿನಲ್ಲಿ ತುರುಕಿರುತ್ತಾರೆ. ಹೊರಗೆ ಹೂವಿನ ಚಿತ್ರ, ಒಳಗೆ ಮುಗ್ಗಲು ವಾಸನೆ. ಸೋಪು ಕರಗಿ ಅಂಬಲಿಯಾಗಿರುತ್ತದೆ, ಬ್ರಷ್ಷಿನ ಬುಡ ಕಪ್ಪಗಾಗಿರುತ್ತದೆ. ಕೇಳಿದರೆ "ಇದು ವಾಟರ್‌ಪ್ರೂಫ್ ಆಂಟಿ" ಅಂತಾರೆ. ಹೊರಗಿನ ನೀರು ಒಳಗೆ ಬರುವುದಿಲ್ಲ, ಸರಿ. ಒಳಗಿನ ನೀರು ಎಲ್ಲಿಗೆ ಹೋಗಬೇಕಮ್ಮಾ?

ಹೊಲಿಗೆ ಬರುವವರಾದರೂ ಸರಿಯಾಗಿ ಮಾಡುತ್ತಾರಾ ಅಂದರೆ ಅದೂ ಇಲ್ಲ. ಹಳೇ ಬೆಡ್‌ಶೀಟಿನಲ್ಲಿ ಹೊಲಿದು, ಒಳಗೆ ಲೈನಿಂಗ್ ಬೇರೆ ಕೊಟ್ಟು, ಸುತ್ತ ಪೈಪಿಂಗ್ ಹಾಕಿ ತಂದು ತೋರಿಸುತ್ತಾರೆ. ನೋಡೋಕೆ ಚೆಂದ. ಆದರೆ ಹತ್ತಿ ಬಟ್ಟೆ ನೀರು ಮುಟ್ಟದಿದ್ದರೂ, 100 ಗ್ರಾಂಗೆ ಸುಮಾರು 8 ಗ್ರಾಂ ತೇವವನ್ನು ಬರೀ ಗಾಳಿಯಿಂದಲೇ ಎಳೆದುಕೊಂಡಿರುತ್ತದೆ. ಪಾಲಿಯೆಸ್ಟರ್ ಅರ್ಧ ಗ್ರಾಂ ಕೂಡ ಹಿಡಿಯುವುದಿಲ್ಲ. ಮೈಗೆ ಹಾಕುವ ಬಟ್ಟೆಗೆ ಹತ್ತಿಯೇ ಸರಿ, ಸೋಪಿನ ಚೀಲಕ್ಕೆ ಬೇಡ.

ನಮ್ಮಮ್ಮ ಧರ್ಮಸ್ಥಳಕ್ಕೆ ಹೋದಾಗ ನೇತ್ರಾವತಿಯಲ್ಲಿ ಸ್ನಾನ ಮುಗಿಸಿ, ಸೋಪನ್ನು ಒಣಗಿದ ಹೀರೇಕಾಯಿ ನಾರಿನೊಳಗೆ ತುರುಕಿ, ವಾಪಸ್ ಬರುವ ಬಸ್ಸಿನ ಕಿಟಕಿ ಸರಳಿಗೆ ಕಟ್ಟುತ್ತಿದ್ದರು. ಘಾಟಿ ಹತ್ತಿ ಹಾಸನ ಬರುವಷ್ಟರಲ್ಲಿ ಸೋಪು ಗರಿಗರಿಯಾಗಿ ಒಣಗಿರುತ್ತಿತ್ತು. ಓದು ಬರಹ ಬಾರದ ಅಮ್ಮನಿಗೆ ಗೊತ್ತಿತ್ತು, ಸುತ್ತ ತೂತಿದ್ದರೆ ಗಾಳಿ ತನ್ನ ಕೆಲಸ ತಾನೇ ಮಾಡುತ್ತದೆ ಅಂತ.

ಹಾಗಾಗಿ ಚೀಲಕ್ಕೆ ನೆಟ್ ಬಟ್ಟೆ ತನ್ನಿ. ತೂತು ಎಷ್ಟಿರಬೇಕು ಅಂದರೆ ಸಾಸಿವೆ ದಾಟಬೇಕು, ತೊಗರಿಬೇಳೆ ದಾಟಬಾರದು. ಕಿಟಕಿಗೆ ಹೊಡೆಯುವ ಸೊಳ್ಳೆ ಜಾಲರಿ ಉಳಿದಿದೆ ಅಂತ ಅದನ್ನು ತರಬೇಡಿ, ಕತ್ತರಿಸಿದ ಅಂಚು ಕೈಗೆ ಚುಚ್ಚುತ್ತದೆ. ಬಾಯಿಯ ಹತ್ತಿರ ಜಿಪ್ಪು ಕೂರಿಸೋಕೆ ಸ್ವಲ್ಪ ಗಟ್ಟಿ ಬಟ್ಟೆ ಬೇಕು. ಅದಕ್ಕೆ ಮುರಿದ ಕೊಡೆಯ ಬಟ್ಟೆಗಿಂತ ಒಳ್ಳೇದು ಇನ್ನೊಂದಿಲ್ಲ. ಕಡ್ಡಿ ಬಿಚ್ಚಿ ಬಟ್ಟೆ ಎತ್ತಿಟ್ಟುಕೊಳ್ಳಿ. ಅದು ಎಳೆ ಬಿಡುತ್ತದೆ, ಅದಕ್ಕೆ ಅಂಚಿನ ಮೇಲೆ ಹೊತ್ತಿದ ಊದುಬತ್ತಿಯ ತುದಿ ಹಗುರವಾಗಿ ಎಳೆದುಬಿಡಿ, ಕರಗಿ ಕೂತುಕೊಳ್ಳುತ್ತದೆ.

ಅಳತೆ ನಿಮ್ಮ ಕೈಯಲ್ಲೇ ಇದೆ. ಎತ್ತರ ಒಂದು ಗೇಣು, ಮೇಲೆ ನಾಲ್ಕು ಬೆರಳು. ಬ್ರಷ್ಷು ನಿಲ್ಲಬೇಕಲ್ವಾ? ಅಗಲ ನಿಮ್ಮ ಸಾಮಾನು ನೋಡಿಕೊಂಡು. ಮುಖ್ಯವಾದ ಮಾತು, ನೆಟ್ಟನ್ನು ಒಂದೇ ತುಂಡಾಗಿ ಕತ್ತರಿಸಿ ಮಡಚಿ. ತಳಕ್ಕೆ ಮಡಿಕೆ ಬರಬೇಕು, ಹೊಲಿಗೆ ಬರಬಾರದು. ನೀರು ಇಳಿದು ಬರುವುದು ತಳಕ್ಕೇ. ಅಲ್ಲೇ ಬಟ್ಟೆ ಮೇಲೆ ಬಟ್ಟೆ ಕೂರಿಸಿದರೆ ಅದು ಯಾವಾಗ ಒಣಗಬೇಕು?

ಈಗ ಹೊಲಿಗೆ. ನನ್ನ ಹತ್ತಿರ ಹೊಲಿಗೆ ಕಲಿಯೋಕೆ ಬರುವ ಹುಡುಗಿಯರೆಲ್ಲ ಮುಗ್ಗರಿಸುವುದು ಇಲ್ಲೇ. ನೆಟ್ಟನ್ನು ಸುಮ್ನೆ ಮಷೀನಿಗೆ ಕೊಟ್ಟರೆ ಬಟ್ಟೆ ತಳ್ಳುವ ಕೆಳಗಿನ ಹಲ್ಲು ನೆಟ್ಟಿನ ತೂತಿಗೆ ಸಿಕ್ಕಿಕೊಳ್ಳುತ್ತದೆ. ಬಟ್ಟೆ ಮುಂದೆ ಹೋಗುವುದಿಲ್ಲ, ದಾರ ಕೆಳಗೆ ಗಂಟು ಕಟ್ಟುತ್ತದೆ. ಆಮೇಲೆ ಮಷೀನು ಸರಿಯಿಲ್ಲ ಅಂತ ದೂರು. ಮಷೀನು ಸರಿಯಾಗೇ ಇದೆ ಕಣ್ರಮ್ಮಾ, ನೆಟ್ಟಿನ ಕೆಳಗೆ ಕಾಗದ ಇಡಬೇಕು.

ನ್ಯೂಸ್‌ಪೇಪರ್ ಬೇಡ, ಮಸಿ ನೆಟ್ಟಿಗೆ ಹತ್ತುತ್ತದೆ. ನೋಟ್‌ಬುಕ್ಕಿನ ಹಾಳೆ ದಪ್ಪ, ಹರಿಯುವಾಗ ಹೊಲಿಗೆಯನ್ನೂ ಎಳೆಯುತ್ತದೆ. ಹೊಸ ಸೀರೆಯ ಮಡಿಕೆಯಲ್ಲಿ, ಚಪ್ಪಲಿ ಡಬ್ಬದಲ್ಲಿ ತೆಳ್ಳನೆ ಕಾಗದ ಇಟ್ಟಿರುತ್ತಾರಲ್ಲ, ಅದು. ನಾನು ಒಂದನ್ನೂ ಎಸೆಯಲು ಬಿಡುವುದಿಲ್ಲ. ಎರಡು ಬೆರಳಗಲದ ಪಟ್ಟಿ ಮಾಡಿಕೊಳ್ಳಿ, ಹೊಲಿಗೆಗಿಂತ ಎರಡೂ ಕಡೆ ಸ್ವಲ್ಪ ಉದ್ದ ಇರಲಿ. ಕಾಗದ ಕೆಳಗೆ, ಮಡಚಿದ ನೆಟ್ ಮೇಲೆ. ಗುಂಡುಸೂಜಿ ಚುಚ್ಚಬೇಡಿ, ನೆಟ್ಟಿನಲ್ಲಿ ನಿಲ್ಲುವುದಿಲ್ಲ. ಬಟ್ಟೆ ಒಣಹಾಕುವ ಕ್ಲಿಪ್ ಸಾಕು. 14ನೇ ನಂಬರ್ ಸೂಜಿ, ಪಾಲಿಯೆಸ್ಟರ್ ದಾರ, ಹೊಲಿಗೆ ರವಿಕೆಗಿಂತ ಒಂದು ಚೂರು ಉದ್ದ. ಮೊದಲ ನಾಲ್ಕೈದು ಹೊಲಿಗೆ ಬರೀ ಕಾಗದದ ಮೇಲೆ ಬೀಳಲಿ, ಆಮೇಲೆ ನೆಟ್ಟಿನ ಮೇಲೆ ಹತ್ತಿಸಿ. ಆಗ ನೆಟ್ಟಿನ ಮೂಲೆ ಮಷೀನಿನಲ್ಲಿ ಸೂಜಿ ಇಳಿಯುವ ತೂತಿನೊಳಗೆ ಹೋಗಿ ಸಿಕ್ಕಿಕೊಳ್ಳುವುದಿಲ್ಲ. ಎರಡೂ ಅಂಗೈ ಬಟ್ಟೆ ಮೇಲೆ ಚಪ್ಪಟೆಯಾಗಿ ಇಟ್ಟುಕೊಳ್ಳಿ. ಎಳೆಯಬೇಡಿ, ನೆಟ್ ಹಿಗ್ಗಿ ಆಮೇಲೆ ಚೀಲ ಸೊಟ್ಟಗಾಗುತ್ತದೆ.

ಕೊನೆ ಮುಟ್ಟಿದ ಮೇಲೆ ಹೊಲಿಗೆಯ ಗೆರೆಯನ್ನು ಎಡಗೈ ಹೆಬ್ಬೆರಳ ಉಗುರಿನಿಂದ ಒತ್ತಿ ಹಿಡಿದು, ಕಾಗದವನ್ನು ಪಕ್ಕಕ್ಕೆ ಹರಿಯಿರಿ. ಮೇಲಕ್ಕೆ ಎತ್ತಿ ಹರಿಯಬಾರದು, ಹೊಲಿಗೆ ಸಡಿಲವಾಗುತ್ತದೆ. ಒಂದು ಕಡೆ ಆದ ಮೇಲೆ ಇನ್ನೊಂದು ಕಡೆ. ದಾರದ ಮಧ್ಯೆ ಉಳಿದ ಚೂರುಗಳಿಗೆ ನೀರು ಹಚ್ಚಿ ಹಳೇ ಬ್ರಷ್ಷಿನಲ್ಲಿ ಉಜ್ಜಿದರೆ ಹೋಗುತ್ತದೆ. ಈ ತಾಳ್ಮೆ ಇಲ್ಲದವರು ಅಂಗಡಿಯಲ್ಲೇ ಕೊಂಡುಕೊಳ್ಳಲಿ.

ಇದೇ ಗೆರೆ ಪಕ್ಕದಲ್ಲಿ, ಹೊಸ ಕಾಗದ ಇಟ್ಟು, ಇನ್ನೊಂದು ಹೊಲಿಗೆ ಓಡಿಸಿ ಅಂಚು ಕತ್ತರಿಸಿ. ಅಷ್ಟೇ. ಮಡಚಿ ಮಡಚಿ ಹೊಲಿಯುವುದು, ಪಟ್ಟಿ ಸುತ್ತುವುದು ಬೇಡ. ನೆಟ್ ಎಳೆ ಬಿಡುವುದಿಲ್ಲ. ಕಾಗದ ಹೊಲಿದ ಸೂಜಿ ಮಾತ್ರ ಮೊಂಡಾಗಿರುತ್ತದೆ, ಅದರಲ್ಲೇ ರೇಷ್ಮೆ ರವಿಕೆ ಹೊಲಿಯೋಕೆ ಕೂರಬೇಡಿ.

ಕೊಡೆ ಬಟ್ಟೆಯ ಪಟ್ಟಿಗೆ ಜಿಪ್ಪು ಕೂರಿಸೋದು ನಿಮಗೆ ಗೊತ್ತೇ ಇದೆ. ಪ್ಲಾಸ್ಟಿಕ್ ಜಿಪ್ಪೇ ಹಾಕಿ, ಕಬ್ಬಿಣದ್ದು ತುಕ್ಕು ಹಿಡಿಯುತ್ತದೆ.

ಹೇಮಾವತಿ ನೀರು ಬರುವ ಮನೆಯವರಿಗೆ ಪರವಾಗಿಲ್ಲ. ಬೋರ್‌ವೆಲ್ ನೀರಿನವರಿಗೆ ಸೋಪಿನ ಜಿಡ್ಡೂ ನೀರಿನ ಉಪ್ಪೂ ಸೇರಿ ನೆಟ್ಟಿನ ತೂತೆಲ್ಲ ಬೆಳ್ಳಗೆ ಮುಚ್ಚಿಹೋಗುತ್ತದೆ. ಸಾರಿಗೆ ಹಿಂಡಿ ಉಳಿದ ಹುಣಸೆ ಹಿಪ್ಪೆಯನ್ನು ಬಿಸಿನೀರಿಗೆ ಹಾಕಿ, ಚೀಲವನ್ನು ಅದರಲ್ಲಿ ಸ್ವಲ್ಪ ಹೊತ್ತು ನೆನೆಸಿ ಉಜ್ಜಿ. ಅದೇ ಹಿಪ್ಪೆಯಿಂದ ಬಚ್ಚಲಿನ ನಲ್ಲಿಯನ್ನೂ ಒಂದು ಸಲ ತಿಕ್ಕಿ ತಕ್ಷಣ ತೊಳೆದುಬಿಡಿ. ನಲ್ಲಿ ಮೇಲೆ ಬಿಳಿ ಪದರ ಕಟ್ಟಿಸಿಕೊಂಡು, ಅದಕ್ಕೆ ಆ್ಯಸಿಡ್ ಬಾಟಲಿ ತರುವವರನ್ನು ಕಂಡರೆ ನನಗೆ ಆಗುವುದಿಲ್ಲ.

ಇನ್ನು ನೇತುಹಾಕುವ ಕುಣಿಕೆ. ಬೆರಳು ತೂರುವಷ್ಟು ಮಾತ್ರ ಇಡುತ್ತಾರೆ, ಪಿಜಿ ಬಚ್ಚಲಿನ ದಪ್ಪ ಕೊಕ್ಕೆಗೆ ಅದು ಹತ್ತುವುದೇ ಇಲ್ಲ. ಇಡೀ ಕೈ ತೂರುವಷ್ಟು ಉದ್ದ ಇಡಿ, ನಲ್ಲಿಗೂ ಹಾಕಬಹುದು, ಬಾಗಿಲ ಚಿಲಕಕ್ಕೂ ಹಾಕಬಹುದು. ಸ್ನಾನ ಆದ ಮೇಲೆ ಚೀಲ ಒಂದು ಸಲ ಜೋರಾಗಿ ಒದರಿ, ಜಿಪ್ಪು ತೆರೆದೇ ಬಿಟ್ಟು ನೇತುಹಾಕಿ. ತಲೆ ಒರೆಸಿಕೊಂಡು, ಜಡೆ ಹೆಣೆದುಕೊಂಡು ಬರುವಷ್ಟರಲ್ಲಿ ಬ್ಯಾಗಿಗೆ ಹಾಕಬಹುದು.