ಯಾರ ಜ್ವರ

ಶಿಡ್ಲಘಟ್ಟದ ಕಡೆ ಜ್ವರ ಬರುವುದು ಮನುಷ್ಯರಿಗಷ್ಟೇ ಅಲ್ಲ. ರೇಷ್ಮೆ ಹುಳು ಪೊರೆ ಬಿಡುವ ಮುಂಚೆ ಮೇವು ಬಿಟ್ಟು, ತಲೆ ಎತ್ತಿಕೊಂಡು, ಕದಲದೆ ಕೂರುತ್ತದಲ್ಲ, ಅದಕ್ಕೂ ಜ್ವರ ಅಂತಲೇ ಅನ್ನುತ್ತೇವೆ. ಗೂಡು ಕಟ್ಟುವಷ್ಟರಲ್ಲಿ ಅಂಥ 4 ಜ್ವರ. ನನ್ನ ತಮ್ಮ ಹಾಸಿಗೆ ಹಿಡಿದಾಗ ಮನೆಯಲ್ಲಿ ಹುಳು ನಾಲ್ಕನೆಯದಕ್ಕೆ ಕೂತಿದ್ದವು. ತೋಟದಿಂದ ಬಂದ ಅಪ್ಪ ಬಾಗಿಲಲ್ಲೇ ನಿಂತು "ಜ್ವರ ಬಿಡ್ತಾ?" ಅಂದ. ಯಾರದು ಅಂತ ನನಗೆ ಗೊತ್ತಾಗಲಿಲ್ಲ. ಕಾದಂಬರಿ ಶುರುವಾಗಿದ್ದು ಅಲ್ಲಿಂದ.

ಮೊದಲ ಕರಡಿನಲ್ಲಿ ಅದೇ ಮೊದಲ ಸಾಲು. ಧಾರವಾಡ ಕಡೆಯ ಗೆಳೆಯನೊಬ್ಬ ಓದಿ "ಹುಳಕ್ಕೂ ಜ್ವರ ಬರ್ತದೇನು?" ಅಂದ. ಅಡಿಟಿಪ್ಪಣಿ ಹಾಕಿದೆ. ಮಗು ಸಾಯುವ ಪುಟದ ಕೆಳಗೆ ಅಡಿಟಿಪ್ಪಣಿ! ನನಗೇ ಅಸಹ್ಯವಾಯಿತು. ಜ್ವರವನ್ನು ಮೊದಲೇ ಕಲಿಸಬೇಕು ಅಂತ ಹಿಂದಕ್ಕೆ ಹೋದೆ. ಕಲಿಸುವವನು ತಮ್ಮನೇ. ಹುಳದ ಮನೆಯಲ್ಲಿ ನನ್ನ ಕೈಗೆ ಹೊಡೆದು "ಮುಟ್ಟಬ್ಯಾಡ, ಜ್ವರ ಬಂದೈತೆ" ಅನ್ನುತ್ತಾನೆ. ಹಾಗೆ ಬರೆಯುತ್ತಾ ಅವನು 6 ಅಧ್ಯಾಯ ಬದುಕಿದ. ಅದಕ್ಕೆ ಮುಂಚೆ ನನ್ನ ಪುಸ್ತಕದಲ್ಲಿ ಅವನಿಗಿದ್ದದ್ದು ಸಾಯುವ ಕೆಲಸ ಒಂದೇ.

(ಆ ಕರಡಿನಲ್ಲೇ ಊರನ್ನು ಚಿಕ್ಕಬಳ್ಳಾಪುರ ಜಿಲ್ಲೆ ಅಂತಲೂ ಬರೆದಿದ್ದೆ. ಆ ಜಿಲ್ಲೆ ಆಗಿದ್ದು 2007ರಲ್ಲಿ. ನಮ್ಮ ಬಾಲ್ಯವೆಲ್ಲ ಕೋಲಾರ ಜಿಲ್ಲೆಯಲ್ಲೇ ಕಳೆದದ್ದು.)

ಕಷ್ಟವಾಗಿದ್ದು ಮಣ್ಣು ಮಾಡಿ ಬಂದ ಸಂಜೆ. ನಾಲ್ಕನೇ ಜ್ವರ ಎದ್ದ ಹುಳು ಅಂದರೆ ಬಕಾಸುರ. ಜನ್ಮದಲ್ಲಿ ತಿನ್ನುವ ಸೊಪ್ಪಿನಲ್ಲಿ ಮುಕ್ಕಾಲಿಗಿಂತ ಹೆಚ್ಚನ್ನು ಆ ಕೊನೆಯ ವಾರದಲ್ಲೇ ತಿನ್ನುತ್ತದೆ. ಸೂತಕ ಅಂತ ಕಾಯುವುದಿಲ್ಲ. ಅಪ್ಪ ಕುಡುಗೋಲು ತಗೊಂಡು ಹಿಪ್ಪುನೇರಳೆ ತೋಟಕ್ಕೆ ಹೋದ ಅಂತ ಬರೆದೆ. ಆ ಕುಡುಗೋಲಿನ ಮೇಲೆ ವರ್ಷಗಟ್ಟಲೆ ಸಿಟ್ಟಿಟ್ಟುಕೊಂಡಿದ್ದೆ, ಪುಟಗಟ್ಟಲೆ ಸುರಿದೆ.

ಅಮ್ಮನಿಗೆ ಓದಿ ಹೇಳಿದೆ. ಅವರೆಕಾಯಿ ಸುಲಿಯುತ್ತಾ ಕೇಳಿಸಿಕೊಂಡಳು.

"ಸೊಪ್ಪು ಕುಯ್ಕೊಂಡು ಬಂದಿದ್ದು ನಾನು ಕಣೋ. ನಿಮ್ಮಪ್ಪ ಜಗಲಿ ಬಿಟ್ಟು ಎದ್ದಿದ್ರೆ ತಾನೆ."

ಅಪ್ಪನ ಕೈಯಲ್ಲಿ ಕುಡುಗೋಲು ನನಗೆ ಈಗಲೂ ಕಾಣುತ್ತದೆ. ಆದರೂ ಆ ಪುಟಗಳನ್ನು ಹರಿದೆ. ಅಮ್ಮನ ಕೈಗೆ ಕುಡುಗೋಲು ಕೊಟ್ಟು ಮತ್ತೆ ಬರೆದಾಗ ಸಿಟ್ಟಿಗೆ ಜಾಗವೇ ಸಿಗಲಿಲ್ಲ. ಒಂದೂವರೆ ಪುಟಕ್ಕೆ ಮುಗಿಯಿತು.

ಅದನ್ನೂ ಓದಿ ಹೇಳಿದೆ. ಅವಳು ಕೇಳಿದ್ದು ಒಂದೇ: "ಆ ಬೆಳೆ ಗೂಡಿಗೆ ಮಾರ್ಕೆಟ್‌ನಲ್ಲಿ ಏನು ರೇಟು ಬಂತು ಅಂತ ಹಾಕಿದ್ದೀಯಾ?"

ಹಾಕಿರಲಿಲ್ಲ. ಪೆನ್ನು ತಗೊಂಡೆ. ಅವಳಿಗೆ ಪೈಸೆ ಸಮೇತ ನೆನಪಿತ್ತು.