ಬಾಲ್ಡರ್ಸ್ ಗೇಟ್ 3: ಬಿಲ್ಲುಗಾರ ರೋಗ್‌ನ ಗುರಿ ತಪ್ಪುವುದು ನಿಂತಿದ್ದು ಹೀಗೆ

ಬಾಲ್ಡರ್ಸ್ ಗೇಟ್ 3 ವಿಡಿಯೊ ಗೇಮ್‌ನಲ್ಲಿ ನನ್ನದು ಬಿಲ್ಲು ಹಿಡಿದ ರೋಗ್ (ಕಳ್ಳನಂಥ ಪಾತ್ರವರ್ಗ). ನಾಲ್ಕನೇ ಲೆವೆಲ್‌ನಲ್ಲಿ ಶಾರ್ಪ್‌ಶೂಟರ್ ಎಂಬ ವಿಶೇಷ ಕೌಶಲ ತೆಗೆದುಕೊಂಡ ಮೇಲೆ ಬಾಣಗಳು ಸಾಲಾಗಿ ಗುರಿ ತಪ್ಪತೊಡಗಿದವು. ಕಾರಣ ಸ್ಪಷ್ಟ: ಅದು ಹಾನಿಗೆ 10 ಸೇರಿಸಿ, ಬಾಣ ತಾಗುತ್ತದೆಯೇ ಎಂದು ನಿರ್ಧರಿಸುವ ದಾಳದಿಂದ 5 ಕಳೆಯುತ್ತದೆ. ಇಪ್ಪತ್ತು ಮುಖದ ದಾಳದಲ್ಲಿ 5 ಎಂದರೆ ಶೇ. 25ರಷ್ಟು ಅವಕಾಶ ಹೋದಂತೆ. ಬರೀ ರೋಗ್‌ಗೆ ಎರಡನೇ ಹೊಡೆತವೂ ಇಲ್ಲ. ಒಂದು ಬಾಣ ತಪ್ಪಿದರೆ ಸ್ನೀಕ್ ಅಟ್ಯಾಕ್ (ರೋಗ್‌ನ ಹೆಚ್ಚುವರಿ ಹಾನಿ) ಸಮೇತ ಇಡೀ ಸರದಿ ವ್ಯರ್ಥ.

ಶಿಬಿರದಲ್ಲಿ ಪಾತ್ರದ ವರ್ಗ ಬದಲಿಸಿಕೊಡುವ ವಿದರ್ಸ್‌ಗೆ 100 ಚಿನ್ನ ಕೊಟ್ಟು ಪಾತ್ರವನ್ನು ಮತ್ತೆ ಕಟ್ಟಿದೆ: ಮೊದಲು ರೇಂಜರ್ ಎಂಬ ಇನ್ನೊಂದು ವರ್ಗದ 5 ಲೆವೆಲ್, ಆಮೇಲೆ ರೋಗ್‌ನ 3. ಈ ಕ್ರಮವೇ ಮುಖ್ಯ. ರೇಂಜರ್ 2ರಲ್ಲಿ ಆರ್ಚರಿ ಶೈಲಿಯಿಂದ ಗುರಿಯ ದಾಳಕ್ಕೆ +2, 4ರಲ್ಲಿ ಶಾರ್ಪ್‌ಶೂಟರ್, 5ರಲ್ಲಿ ಎರಡನೇ ಬಾಣ. ಎತ್ತರದಲ್ಲಿ ನಿಂತರೆ ಇನ್ನೂ +2. ಜೊತೆಗಾರರ ಬ್ಲೆಸ್ ಮಂತ್ರ ಇದ್ದರೆ ನಾಲ್ಕು ಮುಖದ ದಾಳವೊಂದು ಹೆಚ್ಚುವರಿ. ಗಟ್ಟಿ ಕವಚದ ಶತ್ರು ಎದುರಾದರೆ ಶಾರ್ಪ್‌ಶೂಟರ್ ಗುಂಡಿ ಆಫ್ ಮಾಡಿ.